ಆಕ್ಸಿಡೆಂಟ್ ಆದವರನ್ನು ಆಸ್ಪತ್ರೆಗೆ ಸೇರಿಸಿದೆ, ಈಗ ಸ್ಟೇಷನ್ನಿಂದ ಫೋನ್ ಬರುತ್ತಿದೆ. ಹೋಗಲೇಬೇಕಾ?

ವೆಲ್ಡಿಂಗ್ ಅಂಗಡಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ನಮ್ಮದು ಹಾಸನ ಜಿಲ್ಲೆ. ವೆಲ್ಡಿಂಗ್ ಅಂಗಡಿ ಇದೆ. ಹೋದ ವಾರ ಒಂದು ಮನೆಗೆ ಗ್ರಿಲ್ ಕೂರಿಸಿ ಸಂಜೆ ಹೊತ್ತು ಬೈಕಲ್ಲಿ ವಾಪಸ್ ಬರುತ್ತಿದ್ದೆ. ನನ್ನ ಮುಂದೆ ವಯಸ್ಸಾದವರೊಬ್ಬರು ಎಕ್ಸೆಲ್ ಗಾಡಿ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಹೋಗುತ್ತಿದ್ದರು. ಹಿಂದಿನಿಂದ ಬಂದ ಬಿಳಿ ಗೂಡ್ಸ್ ಗಾಡಿಯವನು ನನ್ನನ್ನೂ ದಾಟಿ ಅವರ ಹೊರೆಗೆ ತಾಗಿಸಿದ. ಅವರು ಗಾಡಿ ಸಮೇತ ರಸ್ತೆ ಪಕ್ಕದ ಜಲ್ಲಿ ಮೇಲೆ ಬಿದ್ದರು. ಅವನು ಬ್ರೇಕ್ ಕೂಡ ಹಾಕಲಿಲ್ಲ, ಹೋಗೇಬಿಟ್ಟ. ನಂಬರಿನ ಕೊನೆಯ ನಾಲ್ಕು ಅಂಕಿ ನನಗೆ ಕಂಡಿತು. ಹಿಂದಿನ ಬಾಗಿಲ ಮೇಲೆ ದೇವರ ಹೆಸರು ಬರೆದಿತ್ತು, ಅದೂ ನೆನಪಿದೆ.

ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ತಲೆಯಿಂದಲೂ ರಕ್ತ. ಮಾತಾಡುತ್ತಿದ್ದರು, ಆದರೆ ಒಂದೇ ಮಾತು, "ಹಸು ಹಾಲು ಕರೀಬೇಕು" ಅಂತ. ಜನ ಸೇರಿದರು. ಇಬ್ಬರು ಮೂವರು ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಮುಟ್ಟೋಕೆ ಯಾರೂ ಮುಂದೆ ಬರಲಿಲ್ಲ. 108ಕ್ಕೆ ಫೋನ್ ಮಾಡಿದೆ, ಗಾಡಿ ಬೇರೆ ಕೇಸಿಗೆ ಹೋಗಿದೆ, ಪಕ್ಕದ ತಾಲೂಕಿನಿಂದ ಕಳಿಸುತ್ತೇವೆ ಅಂದರು. ಅಷ್ಟು ಹೊತ್ತು ಕಾಯೋಕೆ ಧೈರ್ಯ ಬರಲಿಲ್ಲ. ಒಬ್ಬ ಗೂಡ್ಸ್ ಆಟೋ ಹುಡುಗ ನಿಲ್ಲಿಸಿದ. ಕಾಯಿ ಚೀಲ ಹಾಸಿ ಅವರನ್ನು ಮಲಗಿಸಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು.

ಅಲ್ಲಿ ಆಗಿದ್ದೇ ನನಗೆ ಇವತ್ತಿಗೂ ತಡೆಯೋಕಾಗುತ್ತಿಲ್ಲ. ಸ್ಟ್ರೆಚರ್ ಹೊರಗೆ ಬರಲಿಲ್ಲ. ಕೌಂಟರಿನಲ್ಲಿ ಇದ್ದವರು ಕೇಳಿದ ಮೊದಲ ಪ್ರಶ್ನೆ "ನೀವು ಪೇಶೆಂಟ್ ಕಡೆಯವರಾ?" ಅಲ್ಲ ಅಂದೆ. "ಹಾಗಾದರೆ ಮನೆಯವರು ಬರಲಿ, ಪೊಲೀಸಿನವರು ಬರಲಿ, ಅಡ್ವಾನ್ಸ್ ಕಟ್ಟಿ, ಆಮೇಲೆ ಡಾಕ್ಟರ್ ನೋಡ್ತಾರೆ." ಡಾಕ್ಟರ್ ಒಳಗೇ ಇದ್ದರು, ಗಾಜಿನ ಬಾಗಿಲಿನಿಂದ ಕಾಣುತ್ತಿದ್ದರು. ಒಂದು ಸಲ ಹೊರಗೆ ಬಂದು ನೋಡಲಿಲ್ಲ. ಒಂದು ಬ್ಯಾಂಡೇಜ್ ಬಟ್ಟೆ ಕೊಡಿ ಅಂದರೆ ಅದಕ್ಕೂ ಬಿಲ್ ಮಾಡಿಸಿ ಅಂದರು. ಜಗಳ ಆಡೋದರಲ್ಲಿ ಹೊತ್ತು ಹೋಗುತ್ತೆ ಅಂತ ಅಲ್ಲಿಂದ ಸರ್ಕಾರಿ ತಾಲೂಕು ಆಸ್ಪತ್ರೆಗೆ ಹೋದೆವು. ಅಲ್ಲಿ ತಕ್ಷಣ ಒಳಗೆ ತೆಗೆದುಕೊಂಡು, ರಕ್ತ ನಿಲ್ಲಿಸಿ, ಡ್ರಿಪ್ ಹಾಕಿ, ಕಾಲಿಗೆ ಪಟ್ಟಿ ಕಟ್ಟಿ ಹಾಸನಕ್ಕೆ ಕಳಿಸಿದರು. ದೇವರು ದೊಡ್ಡವನು, ಬದುಕಿದ್ದಾರೆ. ಕಾಲಿಗೆ ರಾಡ್ ಹಾಕಿದ್ದಾರಂತೆ.

ಈಗ ಸ್ಟೇಷನ್ನಿಂದ ಫೋನ್ ಬರುತ್ತಿದೆ. "ಬಂದು ಹೇಳಿಕೆ ಕೊಡಿ, ನೀವೇ ಕರ್ಕೊಂಡು ಹೋಗಿದ್ದಲ್ವಾ" ಅಂತ. ಮನೆಯಲ್ಲಿ ಹೆಂಡತಿ, ಅತ್ತೆ ಇಬ್ಬರೂ ಹೆದರಿದ್ದಾರೆ. ನಿನ್ನ ಬೈಕೇ ಗುದ್ದಿದ್ದು ಅಂತ ತಿರುಗಿಸಿಬಿಟ್ಟರೆ ಅಂತ ಅವರ ಭಯ. ನಾನು ಹೋಗಲೇಬೇಕಾ? ಹೋದರೆ ಕೋರ್ಟು ಕಚೇರಿ ಅಂತ ಎಷ್ಟು ವರ್ಷ ಅಲೆಯಬೇಕು? ಮತ್ತೆ ಆ ನರ್ಸಿಂಗ್ ಹೋಮಿನವರನ್ನು ಕೇಳೋರು ಯಾರೂ ಇಲ್ವಾ? ಗೊತ್ತಿರೋರು ಹೇಳಿ.


ಜೆಎಂಎಫ್‌ಸಿ ಕಾರಿಡಾರ್:

ಮೊದಲು ಮನೆಯವರಿಗೆ ಧೈರ್ಯ ಹೇಳಿ. ನಾನು ವಕೀಲ, ಇಪ್ಪತ್ತು ವರ್ಷದಿಂದ ತಾಲೂಕು ಕೋರ್ಟಿನಲ್ಲೇ ಇದ್ದೀನಿ, ಆಕ್ಸಿಡೆಂಟ್ ಕ್ಲೇಮ್ ಕೇಸುಗಳೇ ಜಾಸ್ತಿ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹಿಡಿದು ಕೂರಿಸುವ ಕಾಲ ಕಾನೂನಿನ ಪ್ರಕಾರ ಮುಗಿದಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಇಡೀ ದೇಶಕ್ಕೆ ಅನ್ವಯ ಆಗುವ ಆದೇಶ ಕೊಟ್ಟಿತು. ಅದೇ ವರ್ಷ ನಮ್ಮ ವಿಧಾನಮಂಡಲವೂ ಇಂಥವರ ರಕ್ಷಣೆಗೆ ಮಸೂದೆ ಪಾಸ್ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೂ ಸಿಕ್ಕಿತು. ಆಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಅಂತ ಹೊಸ ಕಲಂ ಸೇರಿತು. 2020ರ ಸೆಪ್ಟೆಂಬರ್‌ನಲ್ಲಿ ಅದರ ನಿಯಮಗಳೂ ಬಂದವು. ಇದರ ಸಾರ ಇಷ್ಟೇ. ಪ್ರತಿಫಲ ಬಯಸದೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ಹಾಕುವಂತಿಲ್ಲ, ಎತ್ತುವಾಗ ಏನಾದರೂ ಹೆಚ್ಚುಕಮ್ಮಿ ಆಗಿದ್ದರೂ ಸಹ. ಹೆಸರು, ಫೋನ್ ನಂಬರ್, ವಿಳಾಸ ಕೊಡಿ ಅಂತ ಪೊಲೀಸರೂ ಬಲವಂತ ಮಾಡುವಂತಿಲ್ಲ, ಆಸ್ಪತ್ರೆಯವರೂ ಮಾಡುವಂತಿಲ್ಲ. ಸೇರಿಸಿ ಹೊರಡುತ್ತೇನೆ ಅಂದರೆ ಹೊರಡಬಹುದು.

ನಿಮ್ಮ ವಿಷಯ ಸ್ವಲ್ಪ ಬೇರೆ. ನೀವು ಸುಮ್ನೆ ಸೇರಿಸಿದವರಲ್ಲ, ಗುದ್ದಿದ್ದನ್ನು ಕಣ್ಣಾರೆ ನೋಡಿದವರು. ಸಾಕ್ಷಿ ಆಗೋದು ಬಿಡೋದು ನಿಮ್ಮ ಇಷ್ಟ, ಬಲವಂತ ಇಲ್ಲ. ಆದರೆ ದಯವಿಟ್ಟು ಹೇಳಿಕೆ ಕೊಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಯಾಕೆ ಅಂತ ಹೇಳ್ತೀನಿ.

ಗುದ್ದಿದ ಗಾಡಿ ಸಿಗದೇ ಹೋದರೆ ಅದು ಹಿಟ್ ಅಂಡ್ ರನ್ ಕೇಸು. ಅದಕ್ಕೆ ಸರ್ಕಾರದ ಪರಿಹಾರ ನಿಗದಿಯಾಗಿದೆ: ಸತ್ತರೆ 2 ಲಕ್ಷ, ತೀವ್ರ ಗಾಯ ಆದರೆ 50,000 ರೂಪಾಯಿ. 2022ರ ಏಪ್ರಿಲ್‌ನಿಂದ ಈ ಮೊತ್ತ. ಅದಕ್ಕೆ ಮೊದಲು 25,000 ಮತ್ತು 12,500 ಇತ್ತು. ಗಾಡಿ ಸಿಕ್ಕರೆ ಲೆಕ್ಕವೇ ಬೇರೆ. ಗಾಡಿಯ ಇನ್ಶೂರೆನ್ಸ್ ಕಂಪನಿ ಮೇಲೆ ಕ್ಲೇಮ್ ಹಾಕಬಹುದು. ಆಪರೇಷನ್ ಖರ್ಚು, ದುಡಿಮೆ ನಿಂತ ತಿಂಗಳುಗಳು, ಮುಂದೆ ಕಾಲು ಎಷ್ಟು ಶಕ್ತಿ ಕಳೆದುಕೊಂಡಿದೆ, ನೋಡಿಕೊಳ್ಳೋಕೆ ಬೇಕಾದ ಆಳು, ಎಲ್ಲಾ ಲೆಕ್ಕಕ್ಕೆ ಬರುತ್ತೆ. ನಿಮ್ಮ ಆ ನಾಲ್ಕು ಅಂಕಿ, ಬಿಳಿ ಬಣ್ಣ, ಬಾಗಿಲ ಮೇಲಿನ ಹೆಸರು, ಇಷ್ಟಿದ್ದರೆ ಪೊಲೀಸರಿಗೆ ಗಾಡಿ ಹುಡುಕೋದು ಎಷ್ಟೋ ಸುಲಭ. ಹುಲ್ಲು ಹೊತ್ತು ಬದುಕುವ ಮನೆಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ನೀವೇ ಯೋಚಿಸಿ.

ಹೇಳಿಕೆಯನ್ನು ನಿಮಗೆ ಅನುಕೂಲ ಆಗುವ ಜಾಗದಲ್ಲಿ, ಅನುಕೂಲ ಆಗುವ ಸಮಯದಲ್ಲಿ ತೆಗೆದುಕೊಳ್ಳಬೇಕು ಅಂತ ನಿಯಮ ಇದೆ. ನಿಮ್ಮ ಅಂಗಡಿಗೇ ಬರಲಿ. ಯೂನಿಫಾರಂ ಹಾಕದೆ ಬರಬೇಕು ಅಂತಲೂ ಇದೆ. ಒಂದೇ ಸಲ ವಿಚಾರಣೆ. ಪದೇ ಪದೇ ಕರೆಯುವಂತಿಲ್ಲ. ಬೇಕಾದರೆ ಅಫಿಡವಿಟ್ ಮೂಲಕವೂ ಹೇಳಿಕೆ ಕೊಡಬಹುದು. ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ, ಖಾಲಿ ಹಾಳೆಗೆ ಅಂತೂ ಹಾಕಲೇಬೇಡಿ. "ನಾನು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು, ಸ್ವಇಚ್ಛೆಯಿಂದ ಸಾಕ್ಷಿ ಹೇಳುತ್ತಿದ್ದೇನೆ" ಅನ್ನೋ ಮಾತು ಹೇಳಿಕೆಯ ಮೊದಲ ಸಾಲಲ್ಲೇ ಬರೆಸಿ. ಗಾಯಾಳು ಪ್ರಜ್ಞೆಯಲ್ಲಿದ್ದಾರೆ, ಆಟೋ ಹುಡುಗ ಇದ್ದಾನೆ, ಸುಮ್ಮನೆ ನಿಮ್ಮ ಮೇಲೆ ತಿರುಗಿಸೋದು ಅಷ್ಟು ಸುಲಭ ಅಲ್ಲ.


ಮಲ್ನಾಡ್ ಮಳೆ:

ವಕೀಲರೇ, ಪುಸ್ತಕದಲ್ಲಿ ಇರೋದು ಸರಿ. ಆದರೆ ನೆಲದ ಮೇಲೆ ಹಾಗಿಲ್ಲ. ನಮ್ಮಣ್ಣ ಕೆಲವು ವರ್ಷದ ಹಿಂದೆ ಘಾಟಿಯಲ್ಲಿ ಬಿದ್ದಿದ್ದ ಹುಡುಗನನ್ನು ಕರೆದುಕೊಂಡು ಹೋಗಿದ್ದಕ್ಕೆ ರಾತ್ರಿ ಇಡೀ ಸ್ಟೇಷನ್ನಿನ ಬೆಂಚ್ ಮೇಲೆ ಕೂತಿದ್ದ. ಆಮೇಲೆ ಸಮನ್ಸ್ ಬಂತು. ಹೋದರೆ ಜಡ್ಜ್ ರಜೆ, ಇನ್ನೊಂದು ಸಲ ಹೋದರೆ ಆರೋಪಿ ಬಂದಿಲ್ಲ. ದಿನಗೂಲಿ ಮಾಡುವವನಿಗೆ ಇದು ಸಣ್ಣ ವಿಷಯ ಅಲ್ಲ. ಅವತ್ತಿನಿಂದ ಅವನು ಆಕ್ಸಿಡೆಂಟ್ ಕಂಡರೆ ಗಾಡಿ ನಿಲ್ಲಿಸೋದೇ ಇಲ್ಲ. ಅವನನ್ನು ಕೆಟ್ಟವನು ಅನ್ನೋಕೆ ನನಗೆ ಮನಸ್ಸು ಬರಲ್ಲ.

2017ರಲ್ಲಿ ಕೊಪ್ಪಳದಲ್ಲಿ ಏನಾಯ್ತು ನೆನಪಿದೆಯಾ? ಸೈಕಲ್ ಮೇಲೆ ಹೋಗುತ್ತಿದ್ದ 18 ವರ್ಷದ ಹುಡುಗನಿಗೆ ಬಸ್ ಗುದ್ದಿತು. ರಕ್ತದ ಮಡುವಿನಲ್ಲಿ ಬಿದ್ದು ಕೈ ಚಾಚಿ ಸಹಾಯ ಕೇಳುತ್ತಿದ್ದ. ಜನ ಸುತ್ತ ನಿಂತು ಫೋಟೋ, ವಿಡಿಯೋ ತೆಗೆದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು, ಹುಡುಗ ಉಳಿಯಲಿಲ್ಲ. ಸುಪ್ರೀಂ ಕೋರ್ಟ್ ಆದೇಶ ಬಂದು ಆಗಲೇ ಹತ್ತಿರ ಹತ್ತಿರ ವರ್ಷ ಆಗಿತ್ತು ಅಲ್ವಾ? ಅಲ್ಲಿ ನಿಂತಿದ್ದ ಒಬ್ಬರಿಗಾದರೂ ಅದು ಗೊತ್ತಿತ್ತಾ? ಜನರಿಗೆ ಮುಟ್ಟದ ಕಾನೂನಿನಿಂದ ಏನು ಪ್ರಯೋಜನ ಹೇಳಿ.

ಇನ್ನೊಂದು ಮಾತು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಬ್ಬ ಡಾಕ್ಟರ್, ಇಬ್ಬರು ಹುಡುಗಿಯರು ಇರ್ತಾರೆ. ಸಿಟಿ ಸ್ಕ್ಯಾನ್ ಇಲ್ಲ, ರಕ್ತ ಇಲ್ಲ. ಒಳಗೆ ಸೇರಿಸಿಕೊಂಡು ಅಲ್ಲೇ ಪ್ರಾಣ ಹೋದರೆ ಊರವರು ಬಂದು ಗಾಜು ಒಡೆಯುತ್ತಾರೆ. ಅವರ ಭಯಕ್ಕೂ ಕಾರಣ ಇದೆ.


ಕ್ಯಾಶುವಾಲ್ಟಿ ಸಿಸ್ಟರ್:

ನಾನು ತಾಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ವೆಲ್ಡಿಂಗ್ ಅಂಗಡಿಯಣ್ಣ, ನೀವು ಮಾಡಿದ್ದು ನೂರಕ್ಕೆ ನೂರು ಸರಿ.

ಮಲ್ನಾಡ್ ಅವರೇ, ಭಯ ಅರ್ಥ ಆಗುತ್ತೆ, ನಮ್ಮ ಮೇಲೂ ಜನ ಕೈ ಎತ್ತಿದ್ದಾರೆ. ಆದರೆ ಆ ನರ್ಸಿಂಗ್ ಹೋಮಿನವರನ್ನು ಆಪರೇಷನ್ ಮಾಡಿ ಅಂತ ಯಾರೂ ಕೇಳಲಿಲ್ಲ. ಗಾಯದ ಮೇಲೆ ಪ್ಯಾಡ್ ಇಟ್ಟು ಒತ್ತಿ ಕಟ್ಟೋಕೆ ಸಿಟಿ ಸ್ಕ್ಯಾನ್ ಬೇಕಾ? ಉಸಿರಿನ ದಾರಿ ಸರಿ ಇದೆಯಾ ನೋಡಬೇಕು. ಆಕ್ಸಿಜನ್ ಕೊಡಬೇಕು. ಒಂದು ಡ್ರಿಪ್ ಹಾಕಬೇಕು, ಮುರಿದ ಕಾಲಿಗೆ ಆಸರೆ ಕಟ್ಟಬೇಕು, ಬಿಪಿ ಬರೆದು ರೆಫರಲ್ ಚೀಟಿ ಕೊಟ್ಟು ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಕಳಿಸಬೇಕು. ಹತ್ತು ಹದಿನೈದು ನಿಮಿಷದ ಕೆಲಸ. ಸೌಲಭ್ಯ ಇಲ್ಲ ಅಂತ ರೆಫರ್ ಮಾಡೋದು ತಪ್ಪಲ್ಲ. ಮುಟ್ಟದೆ ಕಳಿಸೋದು ತಪ್ಪು. ಪೊಲೀಸರು ಬರಲಿ ಅಂತ ಕಾಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಿನ್ನೆ ಮೊನ್ನೆ ಅಲ್ಲ, 1989ರಲ್ಲಿ, ಪರಮಾನಂದ ಕಟಾರಾ ಕೇಸಿನಲ್ಲಿ. ಸರ್ಕಾರಿ, ಖಾಸಗಿ ಎರಡಕ್ಕೂ ಒಂದೇ ಮಾತು. ಮೊದಲು ಜೀವ, ಆಮೇಲೆ ಕಾಗದ.

ಪೊಲೀಸರಿಗೆ ತಿಳಿಸೋದು ಕರೆತಂದವರ ಕೆಲಸ ಅಲ್ಲ, ಆಸ್ಪತ್ರೆಯ ಕೆಲಸ. ನಾವು ಎಂಎಲ್‌ಸಿ ರಿಜಿಸ್ಟರಿನಲ್ಲಿ (ಮೆಡಿಕೋ ಲೀಗಲ್ ಕೇಸು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಬರೆಯುವ ಪುಸ್ತಕ) ಬರೆದು ಸ್ಟೇಷನ್ನಿಗೆ ಇಂಟಿಮೇಷನ್ ಕಳಿಸುತ್ತೇವೆ. ಆ ರಿಜಿಸ್ಟರಿನಲ್ಲಿ "ಕರೆತಂದವರು" ಅಂತ ಒಂದು ಕಾಲಂ ಇರುತ್ತೆ. ಜನ ಹೆದರೋದು ಆ ಕಾಲಂಗೆ. ಹೆಸರು ಕೊಡಲ್ಲ ಅಂದರೆ ನಾನು "ದಾರಿಹೋಕರು" ಅಂತ ಬರೆದು ಮುಂದೆ ಹೋಗ್ತೀನಿ, ಅವರನ್ನು ನಿಲ್ಲಿಸಿಕೊಳ್ಳಲ್ಲ. ಕೆಲವು ಕಡೆ ಹೊಸ ಸಿಬ್ಬಂದಿ ಹೆಸರು ಬೇಕೇ ಬೇಕು ಅಂತ ಹಠ ಹಿಡಿಯುತ್ತಾರೆ. ಅವರಿಗೆ ಯಾರೂ ಹೇಳಿಕೊಟ್ಟಿರಲ್ಲ. ಸಹಾಯ ಮಾಡಿದವರ ಹಕ್ಕುಗಳ ಬೋರ್ಡು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲೂ ಇರಬೇಕು ಅಂತ 2020ರ ನಿಯಮದಲ್ಲೇ ಇದೆ. ನಿಮ್ಮೂರಿನ ಆಸ್ಪತ್ರೆಗಳಲ್ಲಿ ಇದೆಯಾ ಅಂತ ಒಂದು ಸಲ ನೋಡಿ. ಇಲ್ಲದಿದ್ದರೆ ಕೇಳಿ. ನೀವು ಕೇಳಿದರೆ ಹಾಕುತ್ತಾರೆ, ನಾವು ಒಳಗಿನವರು ಕೇಳಿದರೆ ಫೈಲು ಮೇಲೆ ಹೋಗಿ ಅಲ್ಲೇ ಕೂರುತ್ತೆ.

ಇದನ್ನು ಓದುತ್ತಿರುವ ಉಳಿದವರಿಗೂ ನಾಲ್ಕು ಮಾತು ಹೇಳಬೇಕು, ನಮ್ಮ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಹಾನಿ ದಾರಿಯಲ್ಲೇ ಆಗಿರುತ್ತೆ. ನೀರು ಕುಡಿಸಬೇಡಿ. ಎಲ್ಲರೂ ಮೊದಲು ಮಾಡೋದೇ ಅದು, ಬಾಟಲಿ ತಂದು ಬಾಯಿಗೆ ಹಿಡಿಯುತ್ತಾರೆ. ಅರೆಪ್ರಜ್ಞೆಯಲ್ಲಿ ಇರುವವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತೆ, ಆಮೇಲೆ ಅರಿವಳಿಕೆ ಕೊಡೋಕೂ ತೊಂದರೆ. ರಕ್ತ ಸುರಿಯುವ ಕಡೆ ಶುಭ್ರವಾದ ಬಟ್ಟೆ, ಟವೆಲ್, ದುಪಟ್ಟಾ ಏನಿದ್ದರೂ ಮಡಿಚಿ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಗಾಗ ಎತ್ತಿ ನೋಡಬೇಡಿ. ಬಟ್ಟೆ ನೆಂದರೆ ಅದರ ಮೇಲೆ ಇನ್ನೊಂದು. ಮೂಳೆ ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ, ಎಳೆದು ನೇರ ಮಾಡಬೇಡಿ, ಬಟ್ಟೆ ಹೊದಿಸಿ ಇದ್ದ ಹಾಗೇ ಆಸರೆ ಕೊಡಿ. ಕಾಫಿಪುಡಿ, ಅರಿಶಿನ, ಪೆಟ್ರೋಲ್ ಏನೂ ಹಾಕಬೇಡಿ. ಕೈಕಾಲು ಹಿಡಿದು ಮಡಚಿ ಕಾರಿನ ಹಿಂದಿನ ಸೀಟಿಗೆ ತುರುಕಿದಾಗ ಬೆನ್ನುಹುರಿ ಹೋದವರನ್ನು ನಾನು ನೋಡಿದ್ದೀನಿ. ಮೂರು ನಾಲ್ಕು ಜನ ಸೇರಿ, ತಲೆ ಕುತ್ತಿಗೆ ಬೆನ್ನು ಒಂದೇ ನೇರದಲ್ಲಿ ಇರುವಂತೆ ಎತ್ತಿ. ಕಾಯಿ ಚೀಲ ಹಾಸಿ ಗೂಡ್ಸ್ ಆಟೋದಲ್ಲಿ ಉದ್ದಕ್ಕೆ ಮಲಗಿಸಿದ್ರಲ್ಲ ಅಣ್ಣ, ಆ ಪರಿಸ್ಥಿತಿಯಲ್ಲಿ ಕಾರಿಗಿಂತ ಅದೇ ವಾಸಿ. ಬೆರಳು ತುಂಡಾಗಿದ್ದರೆ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಡಿ. ಬೆರಳನ್ನೇ ಐಸಿಗೆ ಹಾಕಿದರೆ ಜೋಡಿಸೋಕೆ ಆಗಲ್ಲ.


ಪೈಲಟ್ 108:

ನಾನು ಆಂಬುಲೆನ್ಸ್ ಓಡಿಸುತ್ತಿದ್ದವನು, ಈಗ ಬಿಟ್ಟಿದ್ದೀನಿ. 108ರ ಬಗ್ಗೆ ಹೇಳ್ತೀನಿ.

ಆರೋಗ್ಯ ಕವಚ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅದು ಬರೋಕೆ ಮುಂಚೆ ನಮ್ಮ ಕಡೆ ಹೆರಿಗೆ ನೋವು ಬಂದರೆ ಎತ್ತಿನ ಗಾಡಿ, ಇಲ್ಲಾ ಯಾರದ್ದಾದರೂ ಜೀಪು. ಹಾಗಾಗಿ ಬೈಯೋಕೆ ನನಗೆ ಮನಸ್ಸಿಲ್ಲ. ಆದರೆ ಗಾಡಿ ತಡ ಯಾಕಾಗುತ್ತೆ ಅಂತ ಜನರಿಗೆ ಗೊತ್ತಿರಬೇಕು. ಒಂದು ಗಾಡಿ ತಾಲೂಕು ಆಸ್ಪತ್ರೆಯಿಂದ ಪೇಶೆಂಟ್ ಹಾಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೊರಟರೆ ಅಷ್ಟು ಹೊತ್ತು ಆ ಏರಿಯಾ ಖಾಲಿ. ಅಲ್ಲಿ ಬೆಡ್ ಇಲ್ಲ ಅಂತ ಸ್ಟ್ರೆಚರ್ ಬಿಟ್ಟುಕೊಡದೆ ನಿಲ್ಲಿಸಿದರೆ ಇನ್ನೂ ತಡ. 2022ರ ಸೆಪ್ಟೆಂಬರ್‌ನಲ್ಲಿ ಕಾಲ್ ಸೆಂಟರಿನ ತಾಂತ್ರಿಕ ವ್ಯವಸ್ಥೆಯೇ ಕೈಕೊಟ್ಟು ರಾಜ್ಯಪೂರ್ತಿ ಜನ ಪರದಾಡಿದ್ದರು. ಇದಕ್ಕೆಲ್ಲಾ ಉತ್ತರ ಹೇಳಬೇಕಾದವರು ಇಲಾಖೆಯವರು, ಡ್ರೈವರ್ ಅಲ್ಲ. ಸ್ಥಳಕ್ಕೆ ಬಂದ ಡ್ರೈವರಿಗೆ ಹೊಡೆಯೋದು ಬಿಡಿ ದಯವಿಟ್ಟು.

ಫೋನ್ ಮಾಡುವವರು ಜಾಗ ಸರಿಯಾಗಿ ಹೇಳಿದರೆ ಎಷ್ಟೋ ನಿಮಿಷ ಉಳಿಯುತ್ತೆ. "ಮೇನ್ ರೋಡು, ಬೇಗ ಬನ್ನಿ" ಅಂತ ಕಿರುಚಿ ಕಟ್ ಮಾಡ್ತಾರೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ ಓದಿ ಹೇಳಿ. ಯಾವ ಊರಿನಿಂದ ಯಾವ ಊರಿಗೆ ಹೋಗುವ ರಸ್ತೆ, ಯಾವ ದಿಕ್ಕಿನ ಕಡೆ, ಹತ್ತಿರ ಪೆಟ್ರೋಲ್ ಬಂಕ್ ಇದೆಯಾ, ದೇವಸ್ಥಾನ ಇದೆಯಾ ಹೇಳಿ. ಎಷ್ಟು ಜನಕ್ಕೆ ಪೆಟ್ಟಾಗಿದೆ, ಮಾತಾಡ್ತಿದ್ದಾರಾ, ಉಸಿರಾಡ್ತಿದ್ದಾರಾ ಅದನ್ನೂ ಹೇಳಿ. ಆಮೇಲೆ ಆ ಫೋನನ್ನು ಬೇರೆ ಕಾಲಿಗೆ ಬಳಸಬೇಡಿ, ಗಾಡಿಯವರು ಅದೇ ನಂಬರಿಗೆ ವಾಪಸ್ ಮಾಡ್ತಾರೆ. ರಾಷ್ಟ್ರೀಯ ಹೆದ್ದಾರಿ ಆದರೆ 1033 ಕೂಡ ಇದೆ, ಹೆದ್ದಾರಿ ಪ್ರಾಧಿಕಾರದ್ದು. ಪೊಲೀಸರೂ ಬೇಕು ಅಂದರೆ 112. ಗುದ್ದಿದ ಗಾಡಿ ಓಡಿಹೋಗಿದ್ದರೆ ಆಗಲೇ 112ಕ್ಕೆ ಬಣ್ಣ, ನಂಬರು, ಹೋದ ದಿಕ್ಕು ಹೇಳಿಬಿಟ್ಟರೆ ಮುಂದಿನ ಟೋಲಿನಲ್ಲೋ ಚೆಕ್‌ಪೋಸ್ಟಿನಲ್ಲೋ ಸಿಗುವ ಸಾಧ್ಯತೆ ಇರುತ್ತೆ.


ಜೆಎಂಎಫ್‌ಸಿ ಕಾರಿಡಾರ್:

ಮಲ್ನಾಡ್ ಅವರೇ, ನಿಮ್ಮಣ್ಣನಿಗೆ ಆಗಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಇವತ್ತಿಗೂ ಕೆಲವು ಸ್ಟೇಷನ್ನುಗಳಲ್ಲಿ ಹಾಗೇ ಮಾಡ್ತಾರೆ. ಆದರೆ ಆಗ ಅವರ ಕೈಯಲ್ಲಿ ತೋರಿಸೋಕೆ ಏನೂ ಇರಲಿಲ್ಲ, ಈಗ ಇದೆ. ಹಾಗೆ ಕೂರಿಸಿಕೊಂಡರೆ ಎಸ್‌ಪಿ ಕಚೇರಿಗೆ ಬರೆದು ಕೊಡಿ, ತಪ್ಪಿತಸ್ಥ ಸಿಬ್ಬಂದಿ ಮೇಲೆ ಇಲಾಖಾ ಕ್ರಮ ತೆಗೆದುಕೊಳ್ಳಬೇಕು ಅಂತಲೇ ಮಾರ್ಗಸೂಚಿ ಇದೆ.

ದುಡ್ಡಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆಸ್ಪತ್ರೆ ಬಾಗಿಲಲ್ಲಿ ಗಲಾಟೆ ಆಗೋದೇ ಅದಕ್ಕೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹವೇ ಎರಡು ಭಾಗವಾಗಿದ್ದ ಹರೀಶ್ ಎಂಬ ಯುವಕ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡಿದ್ದು ಎಲ್ಲರಿಗೂ ನೆನಪಿರಬೇಕು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ, ಯಾವ ರಾಜ್ಯದವರೇ ಆಗಲಿ. ಈಗ ಅದಕ್ಕಿಂತ ದೊಡ್ಡದು ಬಂದಿದೆ. ಮೋಟಾರು ವಾಹನ ಕಾಯ್ದೆಯ 162ನೇ ಕಲಂ ಪ್ರಕಾರ ಪೆಟ್ಟಾದ ಮೊದಲ ಒಂದು ಗಂಟೆಯ ಚಿಕಿತ್ಸೆಗೆ ಯೋಜನೆ ಮಾಡಲೇಬೇಕಿತ್ತು. ಕೇಂದ್ರ ಸರ್ಕಾರ ವರ್ಷಗಟ್ಟಲೆ ಎಳೆಯಿತು. ಸುಪ್ರೀಂ ಕೋರ್ಟ್ ಗದರಿಸಿದ ಮೇಲೆ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಗೆ ಬಂತು. ಯಾವುದೇ ರಸ್ತೆಯಲ್ಲಿ ಮೋಟಾರು ವಾಹನದಿಂದ ಅಪಘಾತ ಆದರೆ ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತ ಆದ ದಿನದಿಂದ 7 ದಿನದ ತನಕ. ಯೋಜನೆಗೆ ಸೇರಿದ ಆಸ್ಪತ್ರೆ ಅಲ್ಲದಿದ್ದರೂ ರೋಗಿಯನ್ನು ಸ್ಥಿರಗೊಳಿಸುವ ಮಟ್ಟಿಗೆ ಚಿಕಿತ್ಸೆ ಕೊಟ್ಟು ಹಣ ಪಡೆಯಬಹುದು. ಹಾಗಾಗಿ "ದುಡ್ಡು ಯಾರು ಕೊಡ್ತಾರೆ" ಅನ್ನೋ ಪ್ರಶ್ನೆಗೆ ಈಗ ಉತ್ತರ ಇದೆ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿಲ್ಲ ಅಂದರೆ ಆಡಳಿತದವರ ತಪ್ಪು. ಅಂದ ಹಾಗೆ ಆ ತಾತನ ಮನೆಯವರು ಹಾಸನದಲ್ಲಿ ಕಟ್ಟಿರುವ ಬಿಲ್ಲುಗಳನ್ನೆಲ್ಲಾ ಜೋಪಾನವಾಗಿ ಇಟ್ಟುಕೊಳ್ಳಲಿ. ಕ್ಲೇಮ್ ಅರ್ಜಿಯನ್ನು ಅಪಘಾತ ಆದ ಆರು ತಿಂಗಳೊಳಗೆ ಹಾಕಬೇಕು ಅಂತ ಕಾಯ್ದೆಯಲ್ಲಿ ಗಡುವಿದೆ, ತಡ ಮಾಡೋದು ಬೇಡ.

ಇನ್ನು ನರ್ಸಿಂಗ್ ಹೋಮ್. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳು ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಲೇಬೇಕು. 2007ರ ಕಾಯ್ದೆ, 2017ರಲ್ಲಿ ತಿದ್ದುಪಡಿ ಆಯಿತು. ಆಗ ಡಾಕ್ಟರುಗಳು ರಾಜ್ಯಪೂರ್ತಿ ಮುಷ್ಕರ ಮಾಡಿದ್ದರಲ್ಲ, ಅದೇ. ತುರ್ತು ಸಂದರ್ಭದಲ್ಲಿ ಅಡ್ವಾನ್ಸ್ ಕಟ್ಟಲೇಬೇಕು ಅಂತ ಪಟ್ಟು ಹಿಡಿಯುವಂತಿಲ್ಲ ಅಂತ ಅದರಲ್ಲಿದೆ. ಬಿಲ್ ಬಾಕಿ ಇದೆ ಅಂತ ಶವ ಕೊಡದೆ ಇಟ್ಟುಕೊಳ್ಳುವಂತಿಲ್ಲ ಅಂತಲೂ ಇದೆ. ದೂರು ಕೇಳೋಕೆ ಪ್ರತಿ ಜಿಲ್ಲೆಯಲ್ಲಿ ಡಿಸಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅದರ ಸದಸ್ಯ ಕಾರ್ಯದರ್ಶಿ. ನೀವು ಬರೆಯಬೇಕಾದ್ದು ಅವರಿಗೆ. ಡಾಕ್ಟರ್ ಒಳಗಿದ್ದೂ ನೋಡಲಿಲ್ಲ ಅನ್ನೋದಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ ಬೇರೆ ದೂರು ಕೊಡಬಹುದು.


ವೆಲ್ಡಿಂಗ್ ಅಂಗಡಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಕೀಲರು ಬರೆದಿದ್ದನ್ನು ಹೆಂಡತಿಗೆ, ಅತ್ತೆಗೆ ಓದಿ ಹೇಳಿದೆ. ಸ್ಟೇಷನ್ನಿಗೆ ಫೋನ್ ಮಾಡಿ, ಅಂಗಡಿಗೆ ಬನ್ನಿ ಸಾರ್, ಹೇಳಿಕೆ ಕೊಡ್ತೀನಿ ಅಂದೆ. ಮೊದಲು ಸ್ವಲ್ಪ ಗೊಣಗಿದರು. 134ಎ ಅಂತ ಹೇಳಿದ ಮೇಲೆ ಸರಿ ಅಂದರು. ಹೆಡ್ ಕಾನ್‌ಸ್ಟೆಬಲ್ ಒಬ್ಬರು ಪ್ಯಾಂಟು ಶರ್ಟಿನಲ್ಲೇ ಬಂದರು, ಮಾತೂ ಮರ್ಯಾದೆಯಾಗಿಯೇ ಇತ್ತು. ಎಲ್ಲಾ ಹೇಳಿದ್ದೀನಿ. ಬಾಗಿಲ ಮೇಲಿನ ಹೆಸರು ಕೇಳಿದ ತಕ್ಷಣ ಅವರು ಬರೆದುಕೊಳ್ಳೋದು ನಿಲ್ಲಿಸಿ ಇನ್ನೊಬ್ಬರಿಗೆ ಫೋನ್ ಮಾಡಿದರು, ಆ ಗಾಡಿ ಎಲ್ಲಿ ಲೋಡ್ ಹಾಕುತ್ತೆ ಅಂತ ಸುಳಿವು ಸಿಕ್ಕ ಹಾಗಿತ್ತು. ಆಟೋ ಹುಡುಗನೂ ಹೇಳಿಕೆ ಕೊಡ್ತೀನಿ ಅಂದಿದ್ದಾನೆ.

ನರ್ಸಿಂಗ್ ಹೋಮ್ ಬಗ್ಗೆ ದೂರು ಕೊಡಲೇಬೇಕು ಅಂತ ಇದೆ. ಆದರೆ ನಾನು ಪೇಶೆಂಟ್ ಕಡೆಯವನಲ್ಲ. ನನ್ನ ದೂರು ತಗೊಳ್ತಾರಾ? ಸಾಕ್ಷಿ ಏನು ಕೊಡಲಿ? "ಇವರು ಇಲ್ಲಿಗೆ ಬರಲೇ ಇಲ್ಲ" ಅಂತ ನರ್ಸಿಂಗ್ ಹೋಮಿನವರು ಅಂದುಬಿಟ್ಟರೆ?


ಕ್ಯಾಶುವಾಲ್ಟಿ ಸಿಸ್ಟರ್:

ತಗೊಳ್ತಾರೆ ಅಣ್ಣ, ಕೊಡಿ. ತಾತನ ಮಗನೋ ಮಗಳೋ ಜೊತೆಗೆ ಸಹಿ ಹಾಕಿದರೆ ಇನ್ನೂ ಗಟ್ಟಿ. ಬರಲೇ ಇಲ್ಲ ಅನ್ನೋಕೆ ಆಗಲ್ಲ, ಬಾಗಿಲಲ್ಲಿ ಸಿಸಿಟಿವಿ ಇರುತ್ತೆ. ಆದರೆ ಅದು ಹೆಚ್ಚು ದಿನ ಉಳಿಯಲ್ಲ, ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತೆ. ಅದಕ್ಕೇ ಹೇಳ್ತಿದ್ದೀನಿ, ಇವತ್ತೇ ಬರೆಯಿರಿ. ಆ ದಿನಾಂಕದ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗಿನ ದೃಶ್ಯ ಅಳಿಸದಂತೆ ಉಳಿಸಿ ಅಂತ ಡಿಎಚ್‌ಒ ಅವರಿಗೂ, ತನಿಖೆ ಮಾಡುವ ಪೊಲೀಸರಿಗೂ ಬರೆದು ಕೊಡಿ. ನಿಮ್ಮ ಫೋನಿನ ಕಾಲ್ ಲಿಸ್ಟಿನಲ್ಲಿ 108ಕ್ಕೆ ಮಾಡಿದ ಸಮಯ ಇರುತ್ತೆ, ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಾಲೂಕು ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ತಲುಪಿದ ಸಮಯ ಬರೆದಿರುತ್ತೆ. ಎರಡರ ಮಧ್ಯೆ ಎಷ್ಟು ಹೊತ್ತು ಹೋಯ್ತು ಅನ್ನೋದೇ ನಿಮ್ಮ ದೂರಿನ ಜೀವಾಳ.

ಸಿಟ್ಟಿನ ಮಾತು ಬರೆಯಬೇಡಿ. ಎಷ್ಟು ಗಂಟೆಗೆ ಹೋದಿರಿ, ಕೌಂಟರಿನಲ್ಲಿ ಇದ್ದವರು ಗಂಡಸಾ ಹೆಂಗಸಾ, ಏನು ಕೇಳಿದರು, ನೀವೇನು ಹೇಳಿದಿರಿ, ಗಾಯ ಹೇಗಿತ್ತು, ಬ್ಯಾಂಡೇಜ್ ಕೇಳಿದಾಗ ಏನಂದರು, ಎಷ್ಟು ಗಂಟೆಗೆ ಅಲ್ಲಿಂದ ಹೊರಟಿರಿ. ಇಲ್ಲಿ ಬರೆದ ಹಾಗೇ ಬರೆದರೆ ಸಾಕು.


ಮಲ್ನಾಡ್ ಮಳೆ:

ಹೇಳಿಕೆ ಅಂಗಡಿಯಲ್ಲೇ ತಗೊಂಡ್ರಾ? ನಿಜವಾಗಲೂ ಖುಷಿ ಆಯ್ತು. ವಕೀಲರ ಮೊದಲ ಉತ್ತರವನ್ನು ಅಣ್ಣನಿಗೆ ಕಳಿಸಿದ್ದೀನಿ.

ನಮ್ಮೂರಿನ ಎರಡು ಖಾಸಗಿ ಆಸ್ಪತ್ರೆ, ಒಂದು ಸರ್ಕಾರಿ ಆಸ್ಪತ್ರೆಗೆ ಇವತ್ತು ಹೋಗಿ ನೋಡಿದೆ. ಸಿಸ್ಟರ್ ಹೇಳಿದ ಬೋರ್ಡು ಒಂದರಲ್ಲಿ ಮಾತ್ರ ಇತ್ತು, ಅದೂ ಇಂಗ್ಲಿಷಿನಲ್ಲಿ, ಎಟಿಎಂ ಪಕ್ಕದ ಕಂಬದ ಹಿಂದೆ. ಇದಕ್ಕೆ ಅರ್ಜಿ ಯಾರಿಗೆ ಬರೆಯಬೇಕು ಹೇಳಿ, ನಾನು ಕೊಡ್ತೀನಿ.


ಜೆಎಂಎಫ್‌ಸಿ ಕಾರಿಡಾರ್:

ಅದೂ ಡಿಎಚ್‌ಒ ಅವರಿಗೇ. ಮೂರೂ ಆಸ್ಪತ್ರೆಯ ಹೆಸರು ಹಾಕಿ, ಬಾಗಿಲಿನ ಫೋಟೋ ಲಗತ್ತಿಸಿ, ಅದರ ಒಂದು ನಕಲು ಡಿಸಿಯವರಿಗೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ, ಬಾಯಿಮಾತಲ್ಲಿ ಬಿಟ್ಟು ಬರಬೇಡಿ. ತಿಂಗಳಾದರೂ ಉತ್ತರ ಬರದಿದ್ದರೆ ಅದೇ ಸೀಲಿನ ಪ್ರತಿ ಇಟ್ಟು, ನನ್ನ ಅರ್ಜಿ ಮೇಲೆ ಏನು ಕ್ರಮ ಆಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ವೆಲ್ಡಿಂಗ್ ಅಂಗಡಿಯವರೇ, ಇನ್ನೊಂದು ಹೇಳೋಕೆ ಮರೆತಿದ್ದೆ. ತೀವ್ರ ಗಾಯ ಆದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರದ ಬಹುಮಾನ ಇದೆ. 2021ರಲ್ಲಿ 5,000 ರೂಪಾಯಿ ಇತ್ತು, 2025ರಲ್ಲಿ 25,000 ಮಾಡಿದ್ದಾರೆ. ಪೊಲೀಸರೋ ಆಸ್ಪತ್ರೆಯವರೋ ದೃಢೀಕರಿಸಿ ಜಿಲ್ಲಾ ಸಮಿತಿಗೆ ಕಳಿಸಬೇಕು. ಆಟೋ ಹುಡುಗನ ಹೆಸರೂ ಸೇರಿಸಿ ಕೇಳಿ. ಅವತ್ತಿನ ಅವನ ಬಾಡಿಗೆ ಹೋಗಿದೆ, ಗಾಡಿ ತೊಳೆಸಿದ್ದಾನೆ.

ದೂರಿನ ಕರಡು ಬರೆದ ಮೇಲೆ ಹೆಸರುಗಳನ್ನೆಲ್ಲಾ ತೆಗೆದು ಇಲ್ಲಿ ಹಾಕಿ, ನೋಡಿ ತಿದ್ದಿಕೊಡ್ತೀನಿ.


ವೆಲ್ಡಿಂಗ್ ಅಂಗಡಿ:

ಆಯ್ತು ಸಾರ್. ತಾತನ ಮಗಳ ಹತ್ತಿರ ಮಾತಾಡಿದೆ, ಅವರೂ ಸಹಿ ಹಾಕ್ತಾರಂತೆ, ಸಿಸಿಟಿವಿ ಅರ್ಜಿ ಬೆಳಿಗ್ಗೆಯೇ ಸ್ಟೇಷನ್ನಿಗೆ ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆ. ದೂರಿನ ಕರಡು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಾಕ್ತೀನಿ. ಬಹುಮಾನದ ಫಾರಂ ಸಿಕ್ಕರೆ ಮೊದಲು ಆ ಹುಡುಗನದ್ದೇ ತುಂಬಿಸ್ತೀನಿ.